ಐದು ಜನ, ಒಂದು ಬುಕಿಂಗ್, ಒಂದು ಫೋನು

ಮಡಿಕೇರಿಯಿಂದ ಸ್ವಲ್ಪ ಆಚೆ, ಕಾಫಿ ತೋಟದ ನಡುವಿನ ಒಂದು ರಿಸಾರ್ಟು. ಜೂನ್ ತಿಂಗಳ ಮಳೆ ಹಂಚಿನ ಮೇಲೆ ಬಡಿಯುತ್ತಿತ್ತು. ಕಾರಿನಿಂದ ಇಳಿದವರು ಅಪ್ಪ, ಅಮ್ಮ, ಹೆಂಡತಿ, ಏಳು ವರ್ಷದ ಮಗಳು ಮತ್ತು ನಾನು. ರಿಸೆಪ್ಷನ್ ಹುಡುಗ ಬಿಸಿ ಕಷಾಯ ಕೊಟ್ಟು, "ಸರ್, ನಮ್ಮ ಆ್ಯಪ್ ಹಾಕ್ಕೊಂಡಿದೀರಾ? ಚೆಕ್-ಇನ್ ಈಗ ಅದರಲ್ಲೇ" ಅಂದ. ಹಾಕಿಕೊಳ್ಳಲು ಹೊರಟೆ. ಸಿಗ್ನಲ್ ಒಂದು ಕಡ್ಡಿ ಬಂದಂತೆ ಮಾಡಿ ಹೋಗುತ್ತಿತ್ತು. ಹತ್ತು ನಿಮಿಷ ತಿರುಗಿ ತಿರುಗಿ ಇಳಿದ ಆ್ಯಪ್ ತೆರೆದ ಕೂಡಲೇ ಓಟಿಪಿ ಕೇಳಿತು. ಬುಕಿಂಗ್ ಮಾಡಿದವನು ನನ್ನ ಭಾವಮೈದ, ಓಟಿಪಿ ಹೋದದ್ದು ಅವನ ಫೋನಿಗೆ, ಅವನಿದ್ದದ್ದು ದುಬೈಯಲ್ಲಿ. ಅಷ್ಟರಲ್ಲಿ ಅಮ್ಮ ಕೌಂಟರಿಗೆ ಕೈಯೂರಿ, "ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತಪ್ಪಾ?" ಎಂದು ಕೇಳಿ, "ಸೋಲಾರ್ ಅಮ್ಮ, ಬೆಳಿಗ್ಗೆ ಆರರಿಂದ ಒಂಬತ್ತು. ಮಳೆ ಜಾಸ್ತಿಯಾದ್ರೆ ಬಕೆಟ್ಟಲ್ಲಿ ಕಾಯಿಸಿ ಕಳಿಸ್ತೀವಿ" ಎಂಬ ಉತ್ತರವನ್ನೂ ಪಡೆದಾಗಿತ್ತು. ಕೊನೆಗೆ ಹುಡುಗ ಕೌಂಟರಿನ ಕೆಳಗಿಂದ ಉದ್ದನೆಯ ರಿಜಿಸ್ಟರ್ ತೆಗೆದು ನಮ್ಮ ಹೆಸರು ಬರೆದುಕೊಂಡ.

ರಾತ್ರಿ ವೈ-ಫೈ ಸಿಕ್ಕ ಮೇಲೆ ಆ ಆ್ಯಪನ್ನು ತಡಕಾಡಿದೆ. ಹೊಟ್ಟೆಪಾಡಿಗೆ ಇಂಥ ಪರದೆಗಳನ್ನೇ ವಿನ್ಯಾಸ ಮಾಡುವವನಾದ್ದರಿಂದ ಇದೊಂದು ಚಟ. ಸ್ಪಾ ಇತ್ತು, 'ನಮ್ಮ ಕಥೆ' ಇತ್ತು, ತೋಟದ ಮೇಲೆ ಡ್ರೋನ್ ಹಾರಿಸಿದ ವಿಡಿಯೊ ಇತ್ತು. ಬಿಸಿನೀರು ಇರಲಿಲ್ಲ. ಅತಿಥಿಗಳ ಪಟ್ಟಿಯಲ್ಲಿ ದೊಡ್ಡವರು, ಮಕ್ಕಳು, ಹಸುಗೂಸು ಎಂದು ಮೂರು ಕಲಂ. ನಮ್ಮನ್ನು ಬೆಂಗಳೂರಿನಿಂದ ಕರೆತಂದಿದ್ದ ಡ್ರೈವರ್ ಎಲ್ಲಿ ಮಲಗುತ್ತಾನೆ, ಅವನ ಊಟ ಎಲ್ಲಿ ಎಂಬುದಕ್ಕೆ ಕಲಮೇ ಇಲ್ಲ. ಕರ್ನಾಟಕದ ಯಾವ ರಿಸಾರ್ಟಿನ ರಿಸೆಪ್ಷನ್‌ನಲ್ಲಿ ಅರ್ಧ ಗಂಟೆ ಕೂತರೂ ಇದೇ ನಾಲ್ಕೈದು ಪ್ರಶ್ನೆ ಕಿವಿಗೆ ಬೀಳುತ್ತವೆ: ಬಿಸಿನೀರು, ತಿಂಡಿಯ ಹೊತ್ತು, ಮಗುವಿಗೆ ಹಾಲು, ಎಕ್ಸ್‌ಟ್ರಾ ಹಾಸಿಗೆ, ಡ್ರೈವರ್ ರೂಮು. ಆ್ಯಪ್ ಮಾಡಿದವರು ಆ ಅರ್ಧ ಗಂಟೆ ಕೂತಿರಲಿಲ್ಲ.

ಅವರನ್ನು ಬೈದು ಪ್ರಯೋಜನವಿಲ್ಲ. ಹೋಟೆಲ್ ಆ್ಯಪ್ ಎಂಬ ಜಾತಿಯೇ ಹುಟ್ಟಿದ್ದು ಬೇರೆ ಮನೆಯಲ್ಲಿ. ಸ್ಟಾರ್‌ವುಡ್ ಕಂಪನಿ ಫೋನಿನಿಂದಲೇ ಕೋಣೆಯ ಬಾಗಿಲು ತೆರೆಯುವ ವ್ಯವಸ್ಥೆಯನ್ನು 2014ರ ನವೆಂಬರಿನಲ್ಲಿ ತಂದಿತು, ಹಿಲ್ಟನ್ 2015ರಲ್ಲಿ. ಎರಡೂ ಕಡೆ ಕಣ್ಣೆದುರಿಗಿದ್ದ ಗಿರಾಕಿ ಒಬ್ಬನೇ: ಸೂಟ್‌ಕೇಸ್ ಎಳೆದುಕೊಂಡು ರಾತ್ರಿ ಹನ್ನೊಂದಕ್ಕೆ ವಿಮಾನ ಇಳಿದು ಬರುವ, ಯಾರೊಂದಿಗೂ ಮಾತು ಬೇಡವಾದ ಆಫೀಸು ಪ್ರಯಾಣಿಕ. ಒಬ್ಬ ಮನುಷ್ಯ, ಒಂದು ಫೋನು, ಒಂದು ಕೋಣೆ, ಒಂದು ಕಾರ್ಡು. ಅವನಿಗೆ ಆ ಆ್ಯಪ್ ನಿಜಕ್ಕೂ ವರ. ಅದೇ ಅಚ್ಚನ್ನು ತಂದು ಕುಟುಂಬಗಳ ರಿಸಾರ್ಟಿಗೆ ಒತ್ತಿದಾಗಲೇ ಪೇಚು ಶುರು. ಇಲ್ಲಿ ಬುಕಿಂಗ್ ಮಾಡುವವರು ಒಬ್ಬರು, ದುಡ್ಡು ಕೊಡುವವರು ಇನ್ನೊಬ್ಬರು, ಏನು ಮಾಡಬೇಕೆಂದು ತೀರ್ಮಾನಿಸುವವಳು ಏಳು ವರ್ಷದವಳು, ಮೊಣಕಾಲು ನೋವಿನಿಂದಾಗಿ ಆ ತೀರ್ಮಾನವನ್ನು ರದ್ದು ಮಾಡುವವರು ಅಜ್ಜಿ. ಇವರ ನಡುವೆ ಚಾರ್ಜ್ ಉಳಿದಿರುವ ಫೋನು ಒಂದೇ.

ಕುಟುಂಬಗಳ ವಿಹಾರಧಾಮಕ್ಕೆ ತನ್ನದೇ ಪರಂಪರೆ ಇದೆ, ಅದು ಫೋನಿಗಿಂತ ಹಳೆಯದು. ಬಿಲ್ಲಿ ಬಟ್ಲಿನ್ ಎಂಬಾತ ಇಂಗ್ಲೆಂಡಿನ ಸ್ಕೆಗ್ನೆಸ್ ಎಂಬ ಕಡಲೂರಿನಲ್ಲಿ 1936ರಲ್ಲಿ ತನ್ನ ಮೊದಲ ಹಾಲಿಡೇ ಕ್ಯಾಂಪ್ ತೆರೆದ. ಗಿರಾಕಿಗಳು ಹೆಚ್ಚಾಗಿ ದುಡಿಯುವ ಕುಟುಂಬಗಳು. ರಾತ್ರಿ ಮಕ್ಕಳನ್ನು ಮಲಗಿಸಿ ಅಪ್ಪ-ಅಮ್ಮ ನೃತ್ಯಶಾಲೆಗೆ ಹೋಗಬೇಕು. ಹೋದರೆ ಮಗು ಎದ್ದು ಅತ್ತರೆ? ಬಟ್ಲಿನ್ ಕ್ಯಾಂಪುಗಳಲ್ಲಿ ದಾದಿಯರು ಸೈಕಲ್ ಮೇಲೆ ಕೋಣೆಗಳ ಸಾಲಿನುದ್ದಕ್ಕೂ ಸುತ್ತು ಹೊಡೆಯುತ್ತಿದ್ದರು. ಎಲ್ಲಾದರೂ ಅಳು ಕೇಳಿದರೆ ಸುದ್ದಿ ನೃತ್ಯಶಾಲೆಗೆ ಮುಟ್ಟುತ್ತಿತ್ತು. ಇಂಥ ನಂಬರಿನ ಕೋಣೆಯಲ್ಲಿ ಮಗು ಅಳುತ್ತಿದೆ ಎಂದು ಅಲ್ಲಿ ಬೋರ್ಡಿನ ಮೇಲೆ ಮೂಡುತ್ತಿತ್ತು. ನನ್ನ ಕಣ್ಣಿಗೆ ಇದು ಜಗತ್ತಿನ ಅತ್ಯುತ್ತಮ ನೋಟಿಫಿಕೇಶನ್. ಬೇಕಾದವರಿಗೆ ಮಾತ್ರ ಅನ್ವಯ, ಬೇಕಾದಾಗ ಮಾತ್ರ ಪ್ರತ್ಯಕ್ಷ, ಉಳಿದ ಹೊತ್ತು ಕುಣಿಯಲು ಬಿಡುತ್ತದೆ. ಇಂದಿನ ಆ್ಯಪುಗಳು ಎರಡು ದಿನದಲ್ಲಿ ಹನ್ನೊಂದು ಸಲ ಕಿಣಿಗುಟ್ಟಿ ಕಪಲ್ ಮಸಾಜಿಗೆ ರಿಯಾಯಿತಿ ಎನ್ನುತ್ತವೆ. ಸಂಜೆಯ ಜೀಪು ಸಫಾರಿ ಮಳೆಗೆ ರದ್ದಾದದ್ದನ್ನು ಹೇಳುವುದಿಲ್ಲ.

ದುಡ್ಡಿನ ವಿಷಯಕ್ಕೂ ಹೀಗೇ ಒಬ್ಬ ಪೂರ್ವಜ ಇದ್ದಾನೆ. ಜೆರಾರ್ ಬ್ಲಿಟ್ಸ್ 1950ರಲ್ಲಿ ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಡೇರೆ ಹಾಕಿ ಶುರುಮಾಡಿದ ಕ್ಲಬ್ ಮೆಡ್‌ನಲ್ಲಿ ಈಜುಡುಗೆಯ ಗಿರಾಕಿಗಳಿಗೆ ಪರ್ಸ್ ಇಡಲು ಜೇಬೆಲ್ಲಿ? ಕೊರಳಲ್ಲಿ ಮಣಿಸರ ಹಾಕಿಕೊಂಡು, ಪಾನೀಯಕ್ಕೆ ಇಷ್ಟು ಮಣಿ ಎಂದು ಬಿಚ್ಚಿ ಕೊಡುವ ಪದ್ಧತಿ ಅಲ್ಲಿ ಬಹಳ ಕಾಲ ನಡೆಯಿತು. 1967ರಲ್ಲಿ ಅದೇ ಸಂಸ್ಥೆ ಮಕ್ಕಳಿಗೆಂದೇ ಮಿನಿ ಕ್ಲಬ್ ತೆರೆಯಿತು. ಸೈಕಲ್ ದಾದಿ, ಮಣಿಸರ, ಮಕ್ಕಳ ಕ್ಲಬ್ ಮೂರರಲ್ಲೂ ಒಂದು ಲಕ್ಷಣ ಸಮಾನ. ತಂತ್ರ ಯಾವುದೇ ಇರಲಿ, ಅದು ದೊಡ್ಡವರ ಕೈಯನ್ನೂ ತಲೆಯನ್ನೂ ಸ್ವಲ್ಪ ಹೊತ್ತು ಖಾಲಿ ಮಾಡಿಕೊಟ್ಟಿತು. ರಿಸಾರ್ಟಿನ ಆ್ಯಪನ್ನೂ ನಾನು ಇದೇ ತಕ್ಕಡಿಯಲ್ಲಿ ತೂಗುತ್ತೇನೆ: ಫೋನನ್ನು ಎಷ್ಟು ಬೇಗ ಜೇಬಿಗೆ ವಾಪಸು ಕಳಿಸುತ್ತದೆ?

ಈ ತಕ್ಕಡಿಯಲ್ಲಿ ಡಿಸ್ನಿಯನ್ನು ಇಟ್ಟು ನೋಡುವುದು ಉಪಯುಕ್ತ, ಏಕೆಂದರೆ ಅವರು ಸುರಿದ ದುಡ್ಡು ಅಷ್ಟಿಷ್ಟಲ್ಲ. ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್ 2013ರಲ್ಲಿ ಹೊರತಂದ ಮೈಮ್ಯಾಜಿಕ್‌ಪ್ಲಸ್ ವ್ಯವಸ್ಥೆಗೆ ಸುಮಾರು 100 ಕೋಟಿ ಡಾಲರ್ ಖರ್ಚಾಯಿತೆಂದು ಆಗ ವರದಿಯಾಗಿತ್ತು. ಅದರ ತಿರುಳು ಆ್ಯಪ್ ಅಲ್ಲ, ಮಣಿಕಟ್ಟಿಗೆ ಕಟ್ಟುವ ಮ್ಯಾಜಿಕ್‌ಬ್ಯಾಂಡ್ ಎಂಬ ರಬ್ಬರ್ ಪಟ್ಟಿ. ಒಳಗೊಂದು ರೇಡಿಯೊ ಚಿಪ್. ಅದೇ ಕೋಣೆಯ ಕೀಲಿ, ಅದೇ ಪಾರ್ಕಿನ ಟಿಕೆಟ್, ಅದೇ ಪರ್ಸು. ಮಗುವೂ ಕಟ್ಟಿಕೊಳ್ಳಬಹುದು, ನೀರಿಗೆ ಇಳಿಯಬಹುದು. ಖರೀದಿಗೆ ನಾಲ್ಕು ಅಂಕಿಯ ಪಿನ್ ಬೇಕು. ಮಕ್ಕಳ ಪಟ್ಟಿಯಿಂದ ಖರೀದಿ ಆಗದಂತೆ ಅಪ್ಪ-ಅಮ್ಮ ತಡೆಯಬಹುದು. ಆಟಗಳ ಮುಂದಿನ ಸರದಿ ತಪ್ಪಿಸುವ ಫಾಸ್ಟ್‌ಪಾಸ್ 1999ರಿಂದಲೂ ಕಾಗದದ ಚೀಟಿಯಾಗಿ ಪುಕ್ಕಟೆ ಇತ್ತು. ಅದೂ ಈ ವ್ಯವಸ್ಥೆಯೊಳಕ್ಕೆ ಬಂತು, ಪುಕ್ಕಟೆಯಾಗಿಯೇ. ಬ್ಲಿಟ್ಸನ ಮಣಿಸರಕ್ಕೆ ಚಿಪ್ ಕೂರಿಸಿದಂತೆ.

ಆಮೇಲೆ ಹರಿವು ತಿರುಗಿತು. 2021ರ ಜನವರಿಯಿಂದ ಹೋಟೆಲ್ ಅತಿಥಿಗಳಿಗೆ ಪಟ್ಟಿಯನ್ನು ಪುಕ್ಕಟೆ ಕೊಡುವುದು ನಿಂತಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಫಾಸ್ಟ್‌ಪಾಸಿನ ಜಾಗಕ್ಕೆ ಜೀನಿಪ್ಲಸ್ ಬಂತು, ತಲೆಗೆ ದಿನಕ್ಕೆ 15 ಡಾಲರ್‌ನಿಂದ ಶುರು. ಬೆಳಿಗ್ಗೆ ಏಳಕ್ಕೆ ಬುಕಿಂಗ್ ತೆರೆಯುತ್ತಿತ್ತು. ರಜೆಗೆಂದು ಹೋದ ತಾಯಿ ಅಲಾರಾಂ ಇಟ್ಟುಕೊಂಡು ಎದ್ದು, ಹಾಸಿಗೆಯಲ್ಲೇ ಕೂತು, ಬೆರಳು ತುದಿಯಲ್ಲಿ ಸರದಿ ಹಿಡಿಯಬೇಕು; ಒಂದನ್ನು ಬಳಸಿದ ಮೇಲೆ ಇನ್ನೊಂದಕ್ಕೆ ಮತ್ತೆ ಪರದೆ ನೋಡಬೇಕು. ತತ್ಕಾಲ್ ಟಿಕೆಟ್ ಹಿಡಿದು ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೂರುಗಳು ಏರಿದವು. 2024ರ ಜುಲೈನಲ್ಲಿ ಹೆಸರು ಲೈಟ್ನಿಂಗ್ ಲೇನ್ ಮಲ್ಟಿ ಪಾಸ್ ಎಂದಾಯಿತು. ಡಿಸ್ನಿ ಹೋಟೆಲುಗಳಲ್ಲಿ ತಂಗುವವರು ಏಳು ದಿನ ಮೊದಲೇ, ಉಳಿದವರು ಮೂರು ದಿನ ಮೊದಲೇ ಸಮಯ ಆರಿಸಿಕೊಳ್ಳಬಹುದಾಯಿತು. ಅಂದರೆ ರಜೆಯ ಬೆಳಗಿನ ಗಡಿಬಿಡಿಯನ್ನು ಮನೆಯ ಸೋಫಾದ ಮೇಲಕ್ಕೆ ವರ್ಗಾಯಿಸಿದರು. ಒಳ್ಳೆಯ ವಿನ್ಯಾಸವೇ, ಆದರೆ ಬಂದದ್ದು ತಡವಾಗಿ. ಕೀಲಿಯಾಗಿ ಹುಟ್ಟಿದ್ದು ಅಂಗಡಿಯಾಗಿ ಬೆಳೆಯಿತು ಎಂಬುದು ನನ್ನ ತಕರಾರು. ಅಂಗಡಿ ಇಡಬಾರದೆಂದಲ್ಲ. ಕೀಲಿಯ ಹಿಡಿಯಲ್ಲೇ ಅಂಗಡಿ ಇಟ್ಟರೆ ಬಾಗಿಲು ತೆರೆಯುವಾಗಲೆಲ್ಲ ವ್ಯಾಪಾರ.

ಅದೇ ಡಿಸ್ನಿ ಆ್ಯಪಿನಲ್ಲಿ ಎತ್ತಿಕೊಳ್ಳಬೇಕಾದ ಒಂದು ಸಂಗತಿ 2017ರಲ್ಲಿ ಬಂದ ಮೊಬೈಲ್ ಆರ್ಡರ್. ಊಟ ಆರಿಸಿ, ದುಡ್ಡು ಕಟ್ಟಿ, ಹೋಟೆಲಿನ ಹತ್ತಿರ ಬಂದ ಮೇಲೆ 'ಬಂದಿದ್ದೇನೆ' ಎಂದು ಒತ್ತಿದರೆ ಆಗ ಅಡುಗೆಮನೆ ಕೆಲಸ ಶುರುಮಾಡುತ್ತದೆ. ಮಗುವೊಂದು ದಾರಿಯಲ್ಲಿ ಬಾತುಕೋಳಿ ನೋಡುತ್ತಾ ನಿಂತುಬಿಟ್ಟರೂ ಅನ್ನ ಆರುವುದಿಲ್ಲ. ಕುಟುಂಬ ಎಂದೂ ಹೇಳಿದ ಹೊತ್ತಿಗೆ ಬರುವುದಿಲ್ಲ ಎಂಬ ಲೋಕಜ್ಞಾನ ಆ ಒಂದು ಗುಂಡಿಯೊಳಗಿದೆ.

ಕೀಲಿಯ ಪ್ರಶ್ನೆಗೆ ಬರೋಣ. ಅಪ್ಪನ ಫೋನಿನಲ್ಲಿ ಕೋಣೆಯ ಕೀಲಿ ಇದೆ. ಅಪ್ಪ ಪೂಲಿನಲ್ಲಿದ್ದಾನೆ, ಫೋನು ಲಾಕರಿನಲ್ಲಿದೆ. ಮಗಳಿಗೆ ಅವಸರ. ಅಜ್ಜಿ ಒದ್ದೆ ಟವೆಲಿನ ಮೊಮ್ಮಗಳನ್ನು ಹಿಡಿದುಕೊಂಡು ಮುಚ್ಚಿದ ಬಾಗಿಲ ಮುಂದೆ ನಿಂತಿದ್ದಾರೆ. ಈ ದೃಶ್ಯ ಕಂಡ ಮೇಲೆ ಮಾತು ಮುಗಿಯಿತು: ಕುಟುಂಬದ ರಿಸಾರ್ಟಿನಲ್ಲಿ ಫೋನು ಎರಡನೆಯ ಕೀಲಿ ಆಗಬಹುದು, ಒಂದೇ ಕೀಲಿ ಆಗಕೂಡದು. ಅಮೆರಿಕದ ಗ್ರೇಟ್ ವುಲ್ಫ್ ಲಾಡ್ಜ್‌ನಂಥ ನೀರಾಟದ ರಿಸಾರ್ಟುಗಳು ಕೈಪಟ್ಟಿಯನ್ನೇ ಕೀಲಿ ಮಾಡಿರುವುದು ಸುಮ್ಮನೆ ಅಲ್ಲ. ಹಿತ್ತಾಳೆ ಕೀಲಿಗೆ ಮರದ ತುಂಡು ಕಟ್ಟಿ ಕೊಡುವ ನಮ್ಮ ಹೋಂಸ್ಟೇಗಳೂ ಹಿಂದುಳಿದವೇನಲ್ಲ. 2017ರ ಜನವರಿಯಲ್ಲಿ ಆಸ್ಟ್ರಿಯಾದ ಬೆಟ್ಟದ ಮೇಲಿನ ಯೇಗರ್‌ವಿರ್ಟ್ ಎಂಬ ಹೋಟೆಲಿನ ಕಂಪ್ಯೂಟರುಗಳನ್ನು ಕಳ್ಳರು ಬಂಧಿಸಿಟ್ಟಾಗ ಹೊಸ ಕೀಲಿಕಾರ್ಡು ಬರೆಯುವುದೇ ನಿಂತುಹೋಯಿತು. ಒತ್ತೆಹಣ ಕಟ್ಟಿ ಬಿಡಿಸಿಕೊಂಡ ಮಾಲೀಕರು ಹಳೆಯ ಕಾಲದ ಬೀಗಗಳಿಗೇ ಮರಳುವ ಮಾತಾಡಿದರು.

ಹಾಗಾದರೆ ಆ್ಯಪ್ ಬೇಕೇ? ಈ ಪ್ರಶ್ನೆಯನ್ನು ಮಾಲೀಕರು ಕೇಳಿದಾಗ ನಾನು ಮೊದಲು ಕೇಳುವುದು ಎರಡು ಲೆಕ್ಕ: ಎಷ್ಟು ಕೋಣೆ, ಎಷ್ಟು ರಾತ್ರಿ. ಒಂದು ವಾರ ತಂಗಿ, ಗಂಟೆಗೊಂದು ತೀರ್ಮಾನ ಮಾಡಬೇಕಾದ ಫ್ಲಾರಿಡಾದಂಥ ಕಡೆ ಆ್ಯಪ್ ಇಲ್ಲದೆ ಆಗದು. ಒಂದೇ ಸದಸ್ಯತ್ವದ ಮೇಲೆ ಕುಟುಂಬ ವರ್ಷ ವರ್ಷವೂ ಬರುವ ಕ್ಲಬ್ ಮಹೀಂದ್ರದಂಥ ವ್ಯವಸ್ಥೆಯಲ್ಲೂ ಅರ್ಥವಿದೆ. ಕಳೆದ ವರ್ಷ ಅಜ್ಜನಿಗೆ ನೆಲಮಹಡಿ ಕೋಣೆ ಕೊಟ್ಟದ್ದು ಈ ವರ್ಷವೂ ನೆನಪಿರುತ್ತದೆ. ಆದರೆ ಸಕಲೇಶಪುರದ ಕಡೆಯ ಇಪ್ಪತ್ತು ಕೋಣೆಯ ಎಸ್ಟೇಟಿಗೆ ಶನಿವಾರ ಮಧ್ಯಾಹ್ನ ಬಂದು ಸೋಮವಾರ ಬೆಳಿಗ್ಗೆ ಹೊರಡುವವರು ಎರಡು ರಾತ್ರಿಗೋಸ್ಕರ ಫೋನಿನಲ್ಲಿ ಹೊಸದೊಂದು ಚೌಕ ಏಕೆ ಕೂರಿಸಿಕೊಳ್ಳಬೇಕು? ಅಲ್ಲಿಗೆ ವಾಟ್ಸ್ಆ್ಯಪ್ ಸಾಕು. ಕೋಣೆಯ ಮೇಜಿನ ಮೇಲೆ ಒಂದು ಕ್ಯೂಆರ್ ಚೌಕ, ಅದನ್ನು ಹಿಡಿದರೆ ತೆರೆದುಕೊಳ್ಳುವ ಹಗುರವಾದ ವೆಬ್ ಪುಟ, ಲಾಗಿನ್ ಇಲ್ಲ, ಓಟಿಪಿ ಇಲ್ಲ. ಐದು ಜನರೂ ಅವರವರ ಫೋನಿನಲ್ಲಿ ತೆರೆಯಬಹುದು. ದುಡ್ಡಿಗೆ ಯುಪಿಐ ಇದ್ದೇ ಇದೆ. ಇದನ್ನು ಹೇಳಿದಾಗ ಮಾಲೀಕರ ಮುಖ ಸ್ವಲ್ಪ ಬಾಡುತ್ತದೆ. ಪಕ್ಕದ ಎಸ್ಟೇಟಿನವರಿಗೆ ಆ್ಯಪ್ ಇದೆಯಲ್ಲ!

ಆ್ಯಪೇ ಆಗಲಿ, ಪುಟವೇ ಆಗಲಿ, ಮಲೆನಾಡಿನಲ್ಲಿ ಅದರ ಮೊದಲ ಪರೀಕ್ಷೆ ನೆಟ್‌ವರ್ಕ್ ಇಲ್ಲದ ಜಾಗದಲ್ಲಿ. ಬೆಂಗಳೂರಿನ ಆಫೀಸಿನಲ್ಲಿ ಚಕಚಕ ಓಡುವುದನ್ನು ಕಂಡು ಸಹಿ ಹಾಕುವ ಮಾಲೀಕರಿಗೆ ನಾನು ಹೇಳುವುದಿಷ್ಟು: ನಿಮ್ಮ ತೋಟದ ಅತಿ ತಗ್ಗಿನ ಕಾಟೇಜಿಗೆ ಹೋಗಿ, ಕರೆಂಟ್ ಹೋದಾಗ ತೆರೆದು ನೋಡಿ. ನಕಾಶೆ, ಊಟದ ಹೊತ್ತು, ಬುಕಿಂಗ್ ನಂಬರು, ತುರ್ತು ಫೋನು ಇಷ್ಟಂತೂ ಬಂದ ಕ್ಷಣವೇ ಫೋನಿನೊಳಗೆ ಇಳಿದು ಕೂತಿರಬೇಕು. ಟವೆಲ್ ಕೇಳಿದ ಕೋರಿಕೆ ಸಿಗ್ನಲ್ ಬಂದ ಮೇಲೆ ತಾನೇ ಹೋಗಬೇಕು. ಹೋಗಿಲ್ಲ ಎಂಬುದನ್ನು ಅಲ್ಲಿಯವರೆಗೆ ನೇರವಾಗಿ ಹೇಳಬೇಕು. 'ಏನೋ ತಪ್ಪಾಗಿದೆ' ಎಂಬ ಸಂದೇಶ ಯಾರಿಗೂ ಏನನ್ನೂ ಹೇಳುವುದಿಲ್ಲ. ಇನ್ನೊಂದು, ಪೂಲಿನ ಪಕ್ಕದ ಬಿಸಿಲು. ತಿಳಿಬೂದು ಅಕ್ಷರಗಳ ನಾಜೂಕು ಪರದೆ ಅಲ್ಲಿ ಬಿಳಿ ಹಾಳೆ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ವೈದೃಶ್ಯ ಇರಬೇಕೆಂಬ ಅಂತರರಾಷ್ಟ್ರೀಯ ಸೂತ್ರ ಕಣ್ಣು ಮಂದವಾದವರಿಗಷ್ಟೇ ಅಲ್ಲ, ಬಿಸಿಲಲ್ಲಿ ನಿಂತ ಎಲ್ಲರಿಗೂ. ಒದ್ದೆ ಬೆರಳಿಗೆ ಪರದೆ ಸರಿಯಾಗಿ ಮಣಿಯುವುದಿಲ್ಲ. ಗುಂಡಿಗಳು ದೊಡ್ಡವಿರಲಿ, ಒಂದಕ್ಕೊಂದು ದೂರವಿರಲಿ.

ಭಾಷೆಯ ವಿಷಯದಲ್ಲಿ ನಾನು ಸ್ವಲ್ಪ ಜಗಳಗಂಟ. ಕನ್ನಡ ನಾಡಿನ ರಿಸಾರ್ಟಿನ ಆ್ಯಪಿನಲ್ಲಿ ಹಲವು ಭಾಷೆ ಕಂಡಿದ್ದೇನೆ, ಕನ್ನಡ ಅಪರೂಪ. ಇದ್ದರೆ ಯಂತ್ರದ ಕನ್ನಡ. ಒಂದು ಕಡೆ 'ಬುಕ್ ನೌ' ಎಂಬ ಗುಂಡಿ 'ಈಗ ಪುಸ್ತಕ' ಆಗಿತ್ತು. ಅಪ್ಪ ಅದನ್ನು ಒತ್ತಿ, "ಲೈಬ್ರರಿ ಇದೆಯೇನೋ ಇಲ್ಲಿ" ಎಂದರು. ಕನ್ನಡದ ಆಕಾರವನ್ನು ಅರಿಯದವರು ಮಾಡುವ ಇನ್ನೊಂದು ಕೆಲಸ ಒತ್ತಕ್ಷರದ ತಲೆ ಹಾರಿಸುವುದು, ಅಲ್ಲಲ್ಲ, ಕಾಲು ಕತ್ತರಿಸುವುದು. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳೆದು ಮಾಡಿದ ಗುಂಡಿಯೊಳಗೆ 'ಮಕ್ಕಳ ಪಟ್ಟಿ' ಎಂದು ಬರೆದರೆ ಕೆಳಗಿನ ಕ, ಟ ಎರಡೂ ಅಂಚಿನ ಕೆಳಗೆ ಮಾಯವಾಗಿ 'ಮಕಳ ಪಟಿ' ಉಳಿಯುತ್ತದೆ. ಸಾಲಿನ ಎತ್ತರ ಹೆಚ್ಚಿಸಬೇಕು, ಗುಂಡಿಯ ಅಗಲವನ್ನು ಪದ ಬೆಳೆಯುವಷ್ಟು ಬಿಡಬೇಕು. ಪದಗಳೂ ಜನ ಆಡುವವೇ ಸಾಕು. 'ಉಪಾಹಾರ ವೇಳಾಪಟ್ಟಿ' ಬೇಡ, 'ತಿಂಡಿ 8ರಿಂದ 10' ಎಂದರೆ ಅಮ್ಮ ತಾವೇ ಓದಿಕೊಳ್ಳುತ್ತಾರೆ. ಚೆಕ್-ಔಟ್ ಚೆಕ್-ಔಟಾಗಿಯೇ ಇರಲಿ. ಅದನ್ನು 'ಪರಿಶೀಲಿಸಿ' ಮಾಡಿ ಯಾರನ್ನೂ ಕೋಣೆಯಿಂದ ಹೊರಗೆ ಕಳಿಸಲಾಗದು.

ಮಕ್ಕಳ ಮಾಹಿತಿ ಎಂಬುದು ಮೇಲ್ನೋಟಕ್ಕೆ ಮುದ್ದಾಗಿ ಕಾಣುವ, ಒಳಗೆ ಮುಳ್ಳಿರುವ ವಿಷಯ. ಹುಟ್ಟುಹಬ್ಬದ ದಿನ ಕೇಕ್ ಕಳಿಸಲು ಹುಟ್ಟಿದ ದಿನಾಂಕ ಬೇಕು, ಕಡಲೆಕಾಯಿ ಅಲರ್ಜಿ ಇದ್ದರೆ ಅಡುಗೆಮನೆಗೆ ಗೊತ್ತಿರಬೇಕು. ಇಲ್ಲಿಯವರೆಗೆ ಸರಿ. ಮಗು ಈಗ ಆಟದಂಗಳದಲ್ಲಿದೆಯೇ, ಕೆರೆ ದಂಡೆಯಲ್ಲಿದೆಯೇ ಎಂದು ಕೈಪಟ್ಟಿಯಿಂದ ಹುಡುಕುವುದು? ಡಿಸ್ನಿ 2013ರಲ್ಲಿ ತನ್ನ ಪಟ್ಟಿಯನ್ನು ಪ್ರಕಟಿಸಿದಾಗಲೇ ಅಮೆರಿಕದ ಸಂಸದ ಎಡ್ ಮಾರ್ಕಿ ಮಕ್ಕಳ ಮಾಹಿತಿಯ ಗತಿಯೇನು ಎಂದು ಪತ್ರ ಬರೆದರು. ಕಂಪನಿಯ ಆಗಿನ ಮುಖ್ಯಸ್ಥ ಬಾಬ್ ಐಗರ್ ಖಾರವಾಗಿಯೇ ಉತ್ತರಿಸಿದರು. ಮ್ಯಾಜಿಕ್‌ಬ್ಯಾಂಡ್ ಕಟ್ಟಿದ ತಂಡದ ಜಾನ್ ಪ್ಯಾಡ್ಜೆಟ್ ಮುಂದೆ ಕಾರ್ನಿವಲ್ ಹಡಗು ಕಂಪನಿಗೆ ಹೋಗಿ 2017ರಲ್ಲಿ ಓಷನ್ ಮೆಡಾಲಿಯನ್ ಎಂಬ ಬಿಲ್ಲೆಯನ್ನು ಪ್ರಕಟಿಸಿದರು. ಹಡಗಿನಲ್ಲಿ ಯಾರೆಲ್ಲಿದ್ದಾರೆಂದು ಕುಟುಂಬದವರು ನೋಡಬಹುದು. ಹಡಗಿಗೆ ಸುತ್ತ ನೀರಿನ ಬೇಲಿ ಇದೆ, ಅಲ್ಲಿ ಅದು ಒಪ್ಪಿತು. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ 18 ತುಂಬದವರೆಲ್ಲರನ್ನೂ ಮಕ್ಕಳೆಂದೇ ಎಣಿಸುತ್ತದೆ. ಅವರ ಮಾಹಿತಿಗೆ ಹೆತ್ತವರ, ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಹಿಂಬಾಲಿಸಿ ನಡವಳಿಕೆ ಗಮನಿಸುವುದು, ಮಕ್ಕಳಿಗೆ ಗುರಿಯಿಟ್ಟ ಜಾಹೀರಾತು ತೋರಿಸುವುದು ಕೂಡದು. ದಂಡ 200 ಕೋಟಿ ರೂಪಾಯಿವರೆಗೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ. ಪಟಾಕಿಯಂತೆ ಬ್ಯಾಡ್ಜು ಸಿಡಿಸಿ, ಮಗುವನ್ನು ಐಸ್‌ಕ್ರೀಮ್ ಗಾಡಿಯತ್ತ ಎಳೆಯುವ 'ನಿಧಿ ಹುಡುಕು' ಆಟಗಳನ್ನು ಆ್ಯಪಿಗೆ ಸೇರಿಸುವ ಮುನ್ನ ಯಾರಾದರೂ ವಕೀಲರನ್ನು ಕೇಳಲಿ.

ದೊಡ್ಡವರ ಗುರುತಿನ ಚೀಟಿಗೂ ಇದೇ ಮಾತು. ಸ್ಟಾರ್‌ವುಡ್‌ನ ಅತಿಥಿ ದಾಖಲೆಗಳಿಗೆ ಕನ್ನ ಬಿದ್ದದ್ದನ್ನು ಅದನ್ನು ಕೊಂಡಿದ್ದ ಮ್ಯಾರಿಯಟ್ 2018ರ ನವೆಂಬರಿನಲ್ಲಿ ಹೊರಗೆಡವಿದಾಗ, ಗೂಢಲಿಪಿಯಿಲ್ಲದೆ ಇಟ್ಟಿದ್ದ 50 ಲಕ್ಷಕ್ಕೂ ಹೆಚ್ಚು ಪಾಸ್‌ಪೋರ್ಟ್ ಸಂಖ್ಯೆಗಳೂ ಹೋಗಿದ್ದವು. ಅಷ್ಟು ದೊಡ್ಡವರ ಗತಿಯೇ ಹೀಗಾದರೆ, ಆಧಾರ್ ಫೋಟೊಗಳನ್ನು ರಿಸೆಪ್ಷನ್ ಫೋನಿನ ಗ್ಯಾಲರಿಯಲ್ಲೇ ಇಟ್ಟುಕೊಳ್ಳುವ ನಮ್ಮ ರಿಸಾರ್ಟುಗಳಿಗೆ ಏನು ಹೇಳುವುದು.

ಇಷ್ಟೆಲ್ಲ ಪರದೆಯ ಈಚೆಗಿನ ಮಾತಾಯಿತು. ಆಚೆಗೆ ಏನಿದೆ? ನಾನು ಒಮ್ಮೆ ಆ್ಯಪಿನಲ್ಲಿ ಎರಡು ಹೆಚ್ಚುವರಿ ಟವೆಲ್ ಕೇಳಿ, ಬರದೆ, ಜಾಡು ಹಿಡಿದು ಹೋದೆ. ಕೋರಿಕೆ ರಿಸೆಪ್ಷನ್ ಟ್ಯಾಬಿಗೆ ಬಂದಿತ್ತು. ಟ್ಯಾಬು ಚಾರ್ಜಿಗೆ ಹಾಕಿದ್ದು ಆಫೀಸಿನ ಒಳಕೋಣೆಯಲ್ಲಿ. ಅದನ್ನು ನೋಡಿದವರು ಹೌಸ್‌ಕೀಪಿಂಗ್‌ಗೆ ವಾಕಿಟಾಕಿಯಲ್ಲಿ ಹೇಳಬೇಕು. ಹೌಸ್‌ಕೀಪಿಂಗ್ ಹುಡುಗರು ಅಸ್ಸಾಂ ಮತ್ತು ಜಾರ್ಖಂಡಿನವರು. ಟ್ಯಾಬಿನ ಇಂಗ್ಲಿಷ್ ವಾಕ್ಯ ಅವರಿಗಲ್ಲ. ಟವೆಲುಗಳು ಮಳೆಗೆ ಒಣಗಿರಲಿಲ್ಲ ಎಂಬುದು ಕೊನೆಯಲ್ಲಿ ಗೊತ್ತಾದ ಸತ್ಯ. ನಾಲ್ಕು ಕೊಂಡಿಗಳಲ್ಲಿ ನಾನು ವಿನ್ಯಾಸ ಮಾಡುವುದು ಮೊದಲನೆಯದನ್ನು ಮಾತ್ರ. ಅತಿಥಿಯ ಆ್ಯಪಿಗೆ ಇಡುವ ದುಡ್ಡಿನಲ್ಲಿ ಅರ್ಧವನ್ನಾದರೂ ಸಿಬ್ಬಂದಿಯ ಕೈಯಲ್ಲಿರುವ ಪರದೆಗೆ ಇಡಬೇಕು: ಟವೆಲಿನ ಚಿತ್ರ, ಕೋಣೆಯ ನಂಬರು, 'ಹೊರಟೆ' ಎಂಬ ಒಂದು ಗುಂಡಿ. 'ಟವೆಲ್ ಒಣಗಿಲ್ಲ, ಸಂಜೆ ಕೊಡುತ್ತೇವೆ' ಎಂದು ಉತ್ತರಿಸಲು ಇನ್ನೊಂದು ಗುಂಡಿ. ಮಳೆಗಾಲದಲ್ಲಿ ಕೊಡಗಿಗೆ ಹೋದವರು ಅಷ್ಟನ್ನು ಅರ್ಥಮಾಡಿಕೊಳ್ಳುತ್ತಾರೆ.

ಮೂರನೆಯ ದಿನ ಬೆಳಿಗ್ಗೆ ಹೊರಟೆವು. ಬಿಲ್ಲು ಆ್ಯಪಿನಲ್ಲೇ ಬಂತು, ಸರಿಯಾಗಿಯೇ ಇತ್ತು, ಯುಪಿಐನಲ್ಲಿ ಕಟ್ಟಿದೆ. ಹುಣಸೂರು ದಾಟಿರಬೇಕು, ಹಿಂದಿನ ಸೀಟಿನಲ್ಲಿ ಗಲಾಟೆ ಎದ್ದಿತು. ಮಗಳ ಬಟ್ಟೆಯ ಆನೆ ಇಲ್ಲ. ಒಂದು ಕಿವಿ ಹರಿದ, ಅದಿಲ್ಲದೆ ನಿದ್ದೆ ಬಾರದ ಆನೆ. ಆ್ಯಪ್ ತೆರೆದೆ. ಚೆಕ್-ಔಟ್ ಆದ್ದರಿಂದ ಚಾಟ್ ಮುಚ್ಚಿಹೋಗಿ, 'ನಮಗೆ ಐದು ನಕ್ಷತ್ರ ಕೊಡಿ' ಎಂಬ ಪರದೆ ಕೂತಿತ್ತು. ಕೆಳಗಿದ್ದ ನಂಬರಿಗೆ ಹೊಡೆದರೆ ಎಲ್ಲೋ ದೂರದ ಕಾಲ್ ಸೆಂಟರ್, ಒಂದನ್ನು ಒತ್ತಿ, ಎರಡನ್ನು ಒತ್ತಿ. ಡ್ರೈವರ್ ಕನ್ನಡಿಯಲ್ಲಿ ಒಮ್ಮೆ ನೋಡಿ, ಗಾಡಿ ಪಕ್ಕಕ್ಕೆ ಹಾಕಿ, ತನ್ನ ಫೋನು ತೆಗೆದ. ಆ ಎರಡು ರಾತ್ರಿ ಅವನು ಮಲಗಿದ್ದು ರಿಸಾರ್ಟಿನ ಬಗ್ಗಿ ಓಡಿಸುವ ಹುಡುಗನ ಕೋಣೆಯಲ್ಲಂತೆ. "ಅಣ್ಣಾ, ಹನ್ನೆರಡನೇ ಕಾಟೇಜು, ಮಂಚದ ಕೆಳಗೆ ನೋಡು" ಎಂದ. ಆನೆ ಮಾರನೆಯ ದಿನ ಮಡಿಕೇರಿಯಿಂದ ಹೊರಟ ಬಸ್ಸಿನಲ್ಲಿ, ಕಂಡಕ್ಟರರ ಸೀಟಿನ ಪಕ್ಕ ಕೂತು, ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣಕ್ಕೆ ಬಂದಿಳಿಯಿತು.